ಬೇಡ ಎನ್ನಲಾಗದಷ್ಟು ಒಳ್ಳೆಯ ಸಾಹುಕಾರ

ಒಂದೂರಲ್ಲಿ ಒಬ್ಬ ಸಾಹುಕಾರ ಇದ್ದ. ಸಾಹುಕಾರ ಅಂದ ತಕ್ಷಣ ನಿಮ್ಮಲ್ಲಿ ಅರ್ಧ ಜನ ಮನಸ್ಸಿನಲ್ಲೇ ‘ಜಿಪುಣ’ ಅಂದುಕೊಂಡಿರಿ, ಮುಖ ನೋಡಿದರೇ ಗೊತ್ತಾಗುತ್ತದೆ. ಇವನು ಹಾಗಲ್ಲ. ಎಣ್ಣೆ ಗಾಣದ ವ್ಯಾಪಾರ, ಒಳ್ಳೆಯ ಸಂಪಾದನೆ, ಕೈ ಅದಕ್ಕಿಂತ ದೊಡ್ಡದು. ಅವನ ಮನೆಗೆ ಕೆಲಸಕ್ಕೆ ಬಂದವರು ಹಸಿದುಕೊಂಡು ಹೋದದ್ದಿಲ್ಲ. ಮನೆಯವರು ಕೂತ ಸಾಲಿನಲ್ಲೇ ಕೂಲಿಯವರಿಗೂ ಎಲೆ. ಬಡಿಸುವವನು ಅವನೇ. ಸಾಕು ಅಂದರೆ ಇನ್ನೊಂದು ಸೌಟು ಹೆಚ್ಚಾಗಿ ಬೀಳುತ್ತಿತ್ತು.

ಇಂಥ ಮನುಷ್ಯ ಒಂದು ದಿನ ಇನ್ನೊಬ್ಬನ ಜೀವಕ್ಕೆ ಕುತ್ತು ತಂದ. ಬೈದು ತಂದದ್ದಲ್ಲ, ಹೆದರಿಸಿ ತಂದದ್ದಲ್ಲ. ಪ್ರೀತಿಯಿಂದ ತಂದ. ಹೇಗೆ ಅಂತ ಕೇಳಿ.

ಅವನ ಮಗಳಿಗೆ ಹೆರಿಗೆಯಾಗಿತ್ತು. ಮಗುವನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರ. ಊರಿಗೆಲ್ಲ ಊಟ ಹಾಕಬೇಕು ಅಂತ ಅಜ್ಜನಾದ ಇವನ ಆಸೆ, ಅಂಗಳದಲ್ಲಿ ಶಾಮಿಯಾನ ಹಾಕಿಸುವ ಏರ್ಪಾಡು. ಆದರೆ ಅಂಗಳದ ಮೂಲೆಯಲ್ಲಿ ಒಂದು ನೇರಳೆ ಮರ. ಅದರ ಒಂದು ಕೊಂಬೆ ಕಾಂಪೌಂಡ್ ದಾಟಿ ರಸ್ತೆಯ ಕರೆಂಟ್ ತಂತಿಯವರೆಗೆ ಚಾಚಿತ್ತು. ಗಾಳಿ ಬೀಸಿದಾಗ ಎಲೆ ತಂತಿಗೆ ತಾಗಿ ಚಿಟಚಿಟ ಕಿಡಿ. ‘ಆ ಕಿಡಿ ಶಾಮಿಯಾನದ ಬಟ್ಟೆ ಮೇಲೆ ಬಿದ್ದರೆ ಏನು ಗತಿ?’ ಅಂತ ಹೆಂಡತಿ ಕೇಳಿದಳು. ನ್ಯಾಯವಾದ ಪ್ರಶ್ನೆಯೇ.

ಸಾಹುಕಾರ ಲೈನ್‌ಮನ್‌ಗೆ ಫೋನ್ ಮಾಡಿದ. “ನಾಡಿದ್ದು ಬತ್ತೀನಿ ಯಜಮಾನ್ರೇ, ಲೈನಿನ ಕರೆಂಟ್ ತೆಗ್ಸಿ, ನಾನೇ ನಿಂತು ಕಡಿಸ್ಕೊಡ್ತೀನಿ,” ಅಂದ ಲೈನ್‌ಮನ್. ನಾಡಿದ್ದು ಯಾರಿಗೆ ಬೇಕು? ಶಾಮಿಯಾನದವರು ನಾಳೆ ಬೆಳಿಗ್ಗೆಯೇ ಬರುತ್ತಾರೆ. ಸಾಹುಕಾರ ಮರ ಕಡಿಯುವ ಚಲುವಯ್ಯನಿಗೆ ಹೇಳಿಕಳಿಸಿದ.

ಚಲುವಯ್ಯ ಮರ ಹತ್ತುವುದರಲ್ಲಿ ಎತ್ತಿದ ಕೈ. ಆ ವರ್ಷ ಕರೆಂಟ್ ಆಫೀಸಿನವರು ಮರ ಕಡಿಯುವವರನ್ನೆಲ್ಲ ಕರೆದು ತರಬೇತಿ ಕೊಟ್ಟಿದ್ದರು, ಇವನೂ ಹೋಗಿ ಕೂತು ಬಂದಿದ್ದ. ಹೆಲ್ಮೆಟ್ ಕೂಡ ಕೊಟ್ಟಿದ್ದರು. ಅದರಲ್ಲಿ ಅವನ ಹೆಂಡತಿ ಕೋಳಿಯನ್ನು ಕಾವಿಗೆ ಕೂರಿಸಿದ್ದಳು. ನಗುತ್ತೀರಿ. ನಿಮ್ಮ ಹೆಲ್ಮೆಟ್ ಎಲ್ಲಿದೆ ಈಗ? ಹೊರಗೆ ಗಾಡಿಯ ಕನ್ನಡಿಗೆ ನೇತಾಡುತ್ತಿದೆ, ಬರುವಾಗ ನೋಡಿಕೊಂಡೇ ಬಂದೆ.

ಬಂದ ಚಲುವಯ್ಯ ಕತ್ತೆತ್ತಿ ಕೊಂಬೆ ನೋಡಿದ, ತಂತಿ ನೋಡಿದ, ತಲೆ ಕೆರೆದುಕೊಂಡ.

“ಬುದ್ಧಿ, ಲೈನ್‌ಮನ್ ಬರ್ಲಿ. ಅವ್ರು ಲೈನ್ ತೆಗ್ಸಿ, ತಂತಿಗೆ ಭೂಮಿ ಕನೆಕ್ಷನ್ ಕೊಟ್ಟು, ಹತ್ತು ಅಂದ್ಮೇಲೇ ಹತ್ಬೇಕಂತೆ. ಹಸಿ ಕೊಂಬೆ ತಂತಿಗೆ ತಾಗುದ್ರೆ ಮರಾನೇ ತಂತಿ ಆಯ್ತದಂತೆ. ತರಬೇತೀಲಿ ಹೇಳವ್ರೆ.”

“ಅದೆಲ್ಲ ಆಮೇಲೆ. ಮೊದ್ಲು ತಿಂಡಿ ತಿನ್ನು ಬಾ,” ಅಂದ ಸಾಹುಕಾರ.

ಎಲೆ ಹಾಕಿದ. ಬಿಸಿ ಇಡ್ಲಿ, ತುಪ್ಪ, ಕಾಯಿಚಟ್ನಿ. ಪಕ್ಕದಲ್ಲೇ ಕೂತು, ಭುಜದ ಮೇಲೆ ಕೈ ಹಾಕಿ ಹೇಳಿದ: “ನಿನ್ನ ನಾನು ಅಪಾಯಕ್ಕೆ ತಳ್ತೀನೇನಯ್ಯ? ಇದು ದಿನಾ ಕರೆಂಟ್ ಹೋಗೋ ಹೊತ್ತು. ಹೋದ್ರೆ ಮಧ್ಯಾಹ್ನದವರೆಗೂ ಬರಲ್ಲ, ಊರಿಗೇ ಗೊತ್ತು. ಆದ್ರೂ ನಿನ್ನ ಸಮಾಧಾನಕ್ಕೆ ಜಗಲಿ ಬಲ್ಬಿನ ಸ್ವಿಚ್ ಹಾಕಿ ನಾನೇ ಕಾಯ್ತಿರ್ತೀನಿ. ಬಲ್ಬು ಹತ್ತಿದ ತಕ್ಷಣ ಕೂಗ್ತೀನಿ. ನೀನು ಇಳಿದುಬಿಡು.”

ಚಲುವಯ್ಯ ಎಲೆ ನೋಡಿದ. ಎಲೆಯ ಮೇಲೆ ಇನ್ನೂ ಒಂದು ತುಂಡು ಇಡ್ಲಿ ಇತ್ತು. ಅದನ್ನು ಬಾಯಿಗಿಟ್ಟುಕೊಂಡು, “ಆಯ್ತು ಬುದ್ಧಿ,” ಅಂದ.

ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ ನೋಡಿ, ದಾಕ್ಷಿಣ್ಯಕ್ಕೆ ಬಸಿರಾದರೆ ಹೆರುವುದಕ್ಕೆ ಜಾಗ ಇಲ್ಲ ಅಂತ.

ಕರೆಂಟು ಹೋಯಿತು. ಚಲುವಯ್ಯ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಹತ್ತಿದ. ಸಾಹುಕಾರ ಜಗಲಿಯಲ್ಲಿ ನಿಂತ. ಮಾತಿಗೆ ತಪ್ಪಿದನೇ? ಇಲ್ಲ. ಹೆಂಡತಿ ಕಾಫಿ ತಂದರೆ ಕಣ್ಣು ತಿರುಗಿಸದೆ ಬೇಡ ಅಂದ. ದೇವರ ಮುಂದಿನ ದೀಪವನ್ನೂ ಅವನು ಅಷ್ಟು ಶ್ರದ್ಧೆಯಿಂದ ನೋಡಿದವನಲ್ಲ. ಮೇಲೆ ಮಚ್ಚಿನ ಏಟು ಬೀಳುತ್ತಿತ್ತು, ಕೊಂಬೆ ನಿಧಾನಕ್ಕೆ ತಂತಿಯ ಮೇಲೆ ವಾಲುತ್ತಿತ್ತು, ಇವನ ಎದೆಯಲ್ಲಿ ತಾನು ಒಬ್ಬನ ಜೀವ ಕಾಯುತ್ತಿದ್ದೇನೆ ಎಂಬ ನೆಮ್ಮದಿ ಇತ್ತು.

ಬಲ್ಬು ಹತ್ತಿತು.

ಅವನು ಬಾಯಿ ತೆರೆದ. ಬಾಯಿ ತೆರೆದ, ಅಷ್ಟೇ. ಬಲ್ಬಿಗೆ ಬಂದ ಕರೆಂಟು ತಂತಿಯ ಮೇಲೆ ಹಾದು ಬಾರದೆ ಇನ್ನೆಲ್ಲಿಂದ ಬಂತು? ಬಲ್ಬು ಎಚ್ಚರಿಕೆ ಕೊಡಲಿಲ್ಲ ಸ್ವಾಮಿ, ಆಗಿಹೋದದ್ದನ್ನು ತೋರಿಸಿತು. ಇಷ್ಟು ಸಣ್ಣ ಸಂಗತಿ ಗಾಣ ನಡೆಸುವ ಮನುಷ್ಯನಿಗೆ ಹೊಳೆಯಲಿಲ್ಲ, ಹೊಳೆಯಲು ಅವನು ಯಾರನ್ನೂ ಕೇಳಲಿಲ್ಲ, ತರಬೇತಿಯಲ್ಲಿ ಕೇಳಿ ಬಂದವನು ಹೇಳಿದಾಗ ಅವನಿಗೆ ಇಡ್ಲಿ ಹಾಕಿದ.

ಚಲುವಯ್ಯ ಹಗ್ಗದಲ್ಲಿ ಜೋತುಬಿದ್ದ. ಸಾಹುಕಾರ ಅಳುತ್ತಾ ಮರದ ಕಡೆಗೆ ಓಡಿದ. ಪಕ್ಕದ ಮನೆಯ ಹೆಂಗಸು ಹಿಂದಿನಿಂದ ಬಂದು ಅವನ ಅಂಗಿ ಹಿಡಿದು ಎಳೆದಳು. “ಮರ ಮುಟ್ಬ್ಯಾಡಿ, ನೀವೂ ಹೋಯ್ತೀರಿ. ಫೋನ್ ಮಾಡಿ ಮೊದ್ಲು,” ಅಂದಳು. ಅವನು ಕರೆಂಟ್ ಆಫೀಸಿಗೆ ಫೋನ್ ಮಾಡಿದ. ಆ ಕಡೆಯಿಂದ ಲೈನ್ ತೆಗೆದರು, ಲೈನ್‌ಮನ್ ಓಡೋಡಿ ಬಂದ, ಆಮೇಲೆ ಚಲುವಯ್ಯನನ್ನು ಇಳಿಸಿದರು. ಅಲ್ಲಿಯವರೆಗೆ ಸಾಹುಕಾರ ಮರದ ಕೆಳಗೆ ಹೋಗಲಾರದೆ, ದೂರ ನಿಲ್ಲಲಾರದೆ ಒದ್ದಾಡಿದ. ಅವನ ಸಂಕಟ ಕಂಡು ಅವನ ಮೇಲೆ ಸಿಟ್ಟು ಮಾಡಲು ಯಾರಿಗೂ ಮನಸ್ಸು ಬರಲಿಲ್ಲ. ನನಗೂ ಬರುವುದಿಲ್ಲ.

ಜೀವ ಉಳಿಯಿತು. ಬಲಗೈ ಉಳಿಯಲಿಲ್ಲ. ಮಣಿಕಟ್ಟಿನಿಂದ ತೆಗೆದರು.

ತೊಟ್ಟಿಲನ್ನು ನಡುಮನೆಯಲ್ಲೇ ಕಟ್ಟಿದರು, ನಾಲ್ಕು ಜನ ಹೆಂಗಸರು ಸೇರಿ ತೂಗಿದರು. ಮಗು ಅಲ್ಲೇ ಸುಖವಾಗಿ ನಿದ್ದೆ ಮಾಡಿತು. ಶಾಮಿಯಾನ ಇಲ್ಲ ಅಂತ ಅದೇನೂ ಅಳಲಿಲ್ಲ.

ಸಾಹುಕಾರ ದಿನಾ ಆಸ್ಪತ್ರೆಗೆ ಹೋಗುತ್ತಿದ್ದ. ಒಂದು ದಿನ ತಡೆಯಲಾರದೆ ಕೇಳಿದ: “ನಿಂಗೆ ಗೊತ್ತಿತ್ತಲ್ಲ ಚಲುವಯ್ಯ. ಒಂದು ಸಲ ಹೇಳಿ ಯಾಕೆ ಸುಮ್ಮನಾದೆ? ಹತ್ತಲ್ಲ ಅಂತ ಗಟ್ಟಿಯಾಗಿ ಹೇಳಿದ್ರೆ ನಾನೇನು ನಿನ್ನ ಹೊಡೀತಿದ್ನಾ?”

ಚಲುವಯ್ಯ ಬ್ಯಾಂಡೇಜು ನೋಡಿಕೊಂಡು ಹೇಳಿದ: “ಹೊಡೀತೀನಿ ಅಂದಿದ್ರೆ ಹತ್ತಲ್ಲ ಅಂತಿದ್ದೆ ಬುದ್ಧಿ. ನೀವು ತುಪ್ಪ ಬಡಿಸುದ್ರಿ. ಉಂಡ ಎಲೆ ಮುಂದೆ ಕುಂತ್ಕಂಡು ಒಲ್ಲೆ ಅಂತ ಹೆಂಗನ್ಲಿ?”

ಇಷ್ಟು ವರ್ಷ ಬಡಿಸಿದ ಅನ್ನವೆಲ್ಲ ಸಾಹುಕಾರನ ಕಣ್ಣ ಮುಂದೆ ಬಂತು. ಯಾರು ಯಾರು ಉಂಡು, ಏನೇನಕ್ಕೆ ಬೇಡ ಅನ್ನಬೇಕಿದ್ದವರು ಸುಮ್ಮನಾದರೋ ಅಂತ ಒಬ್ಬೊಬ್ಬರನ್ನೇ ನೆನೆಸಿಕೊಂಡ.

ಚಲುವಯ್ಯ ಮನೆಗೆ ಬಂದ ಮೇಲೆ ಸಾಹುಕಾರ ಅವನ ಗುಡಿಸಲಿಗೆ ಹೋಗಿ ಹೇಳಿದ: “ಗಾಣದಲ್ಲಿ ಕೂತ್ಕೊಂಡು ಮಾಡೋ ಕೆಲಸ ಇದೆ. ಮನಸ್ಸಿದ್ರೆ ಬಾ. ಇಲ್ದಿದ್ರೆ ಬೇಡ ಅನ್ನು. ಬೇಡ ಅಂದ್ರೂ ನಿನ್ನ ಮನೆ ನಡೆಸೋ ಹೊಣೆ ನಂದೇ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.”

ಚಲುವಯ್ಯ, “ಬ್ಯಾಡ ಬುದ್ಧಿ,” ಅಂದ. “ಕರೆಂಟ್ ಆಫೀಸ್ನೋರು ಕರೀತಾವ್ರೆ. ಮರ ಹತ್ತೋರ್ಗೆ ತರಬೇತಿ ಕೊಡುವಾಗ ಬಂದು ನಿಂತ್ಕಂಡು ನಡೆದದ್ದ ಹೇಳು ಅಂತವ್ರೆ. ಅಲ್ಲಿಗೋಯ್ತೀನಿ.”

ಆ ಸಾಹುಕಾರನಿಗೆ ಯಾರಾದರೂ ಎದುರಿಗೆ ನಿಂತು ಬೇಡ ಅಂದದ್ದು ಅದೇ ಮೊದಲು. ಅವನು ಕಣ್ಣೊರೆಸಿಕೊಂಡು ಕೈ ಮುಗಿದ.

ಈಗ ಕಥೆ ಬಿಡಿ, ನಿಮ್ಮ ಮನೆಗೆ ಬನ್ನಿ. ನಿಮ್ಮಲ್ಲಿ ಕ್ರೂರಿಗಳು ಯಾರೂ ಇಲ್ಲ, ನನಗೆ ಗೊತ್ತು. ಎಲ್ಲರೂ ಒಳ್ಳೆಯವರೇ, ಅದೇ ನನಗೆ ಭಯ. ತೆಂಗಿನ ಮರ ಹತ್ತುವವನಿಗೆ ನೀವು ಎಳನೀರು ಕೊಡುತ್ತೀರಿ, ಕಿಟಕಿಯ ಹೊರಗೆ ನಿಂತು ಗಾಜು ಒರೆಸುವವಳಿಗೆ ಹಳೆ ಸೀರೆ ಕೊಡುತ್ತೀರಿ. ತಾಯಿ, ಆ ಸೀರೆ ಕೊಟ್ಟ ಮೇಲೆ ಅವಳು ‘ಅಲ್ಲಿ ಕಾಲಿಡಲು ನನಗೆ ಹೆದರಿಕೆ’ ಅನ್ನುತ್ತಾಳೆಯೇ? ‘ಏನಾಗಲ್ಲ, ನಾನಿದ್ದೀನಿ’ ಅನ್ನುತ್ತೀರಿ. ನೀವಿದ್ದು ಏನು ಮಾಡುತ್ತೀರಿ? ಬಲ್ಬು ನೋಡುತ್ತೀರಿ.

ತಂತಿ ಹತ್ತಿರದ ಮರಕ್ಕೆ ಕೈ ಹಚ್ಚಿಸಬೇಡಿ, ಲೈನ್‌ಮನ್ ಬಂದು ಲೈನ್ ತೆಗೆಸಿ ತಾನೇ ಹೇಳುವವರೆಗೆ. ತಾನಾಗಿ ಹೋದ ಕರೆಂಟು ಯಾವಾಗ ಬೇಕಾದರೂ ಬರುತ್ತದೆ, ಅದು ನಿಮ್ಮ ಮಾತು ಕೇಳುವ ಆಳಲ್ಲ. ಕಲಿತು ಬಂದವನು ಬೇಡ ಅಂದರೆ ಅವನ ಮಾತಿನ ಮೇಲೆ ತುಪ್ಪ ಸುರಿಯಬೇಡಿ. ನೀವು ಕಲಿತು ಬಂದವರಾದರೆ ಒಂದು ಸಲ ಹೇಳಿ ಸುಮ್ಮನಾಗಬೇಡಿ.

ನಾಳೆ ಬೆಳಿಗ್ಗೆ ನಿಮ್ಮ ಬಾಗಿಲಿಗೆ ಒಬ್ಬ ಕೆಲಸಕ್ಕೆ ಬರುತ್ತಾನೆ. ಕಾಫಿ ಕೊಡುವ ಮೊದಲೇ ಕೇಳಿ: ‘ಈ ಕೆಲಸ ಇವತ್ತು ಮಾಡಬಹುದೇನಪ್ಪ? ಆಗಲ್ಲ ಅಂದರೂ ನಿನ್ನ ಕೂಲಿ ನಿನಗೆ.’ ಅವನು ಆಗಲ್ಲ ಅಂದರೆ ಕೂಲಿ ಕೊಟ್ಟು ಕಳಿಸಿ. ಸಂಜೆ ಅವನು ಮನೆಗೆ ಹೋಗಿ ಎರಡೂ ಕೈಯಲ್ಲಿ ತನ್ನ ಮಗುವನ್ನು ಎತ್ತಿಕೊಳ್ಳುತ್ತಾನಲ್ಲ, ಆ ದಿನ ನೀವು ಮಾಡಿದ ಧರ್ಮ ಅದು.