ದಿ. ಯಂಕೇಶ

ಗಂಗಾವತಿಯಲ್ಲಿ ಆ ಸಂಜೆ ಹೊಡೆದ ಮಳೆಗೆ ಕರೆಂಟು ಹೋಗಿ ಅಕ್ಕಿ ಗಿರಣಿಗಳ ಸದ್ದೂ ನಿಂತಿತ್ತು. ಹನುಮಂತಮ್ಮನ ಚಹಾದಂಗಡಿಯಲ್ಲಿ ನಾವು ನಾಲ್ಕಾರು ಜನ ಸಿಕ್ಕಿಕೊಂಡಿದ್ದೆವು. ಜೆಸಿಬಿ ಓಡಿಸುವ ಯಂಕೇಶ ತೊಯ್ದುಕೊಂಡೇ ಒಳಗೆ ನುಗ್ಗಿದ. ಅವತ್ತು ಬೆಳಿಗ್ಗೆ ಬಸ್ ನಿಲ್ದಾಣದ ಗೋಡೆಯ ಮೇಲೆ ಅವನ ಶ್ರದ್ಧಾಂಜಲಿ ಬಿದ್ದಿತ್ತು: ‘ದಿ. ಯಂಕೇಶ’. ಅಕ್ಷರಗಳೆಲ್ಲ ಕನ್ನಡಿಯಲ್ಲಿ ಕಂಡಂತೆ ಉಲ್ಟಾ. ಎಷ್ಟು ಕೆರೆದರೂ ಕಾಗದ ಎದ್ದು ಬರಲಿಲ್ಲ. ಊರೆಲ್ಲ ನಕ್ಕಿತ್ತು, ನಾನೂ ನಕ್ಕಿದ್ದೆ.

“ಯಾರಬೇ ಅದನ್ನ ಹಚ್ಚಿದವ್ರು? ನಿಮ್ಮಣ್ಣನ ಚಾಳಿ ಅದು. ನಿನಗ ಗೊತ್ತಿರ್ತೈತಿ!”

ಮುದುಕಿ ಹನುಮಂತಮ್ಮ ಅವನಿಗೆ ಕೂರು ಎನ್ನಲಿಲ್ಲ. ಅವಳ ಸಿಟ್ಟು ನಮಗೆ ಹೊಸದಲ್ಲ. ಆದರೆ ಅವತ್ತಿನ ದನಿ ಕೇಳಿ ನನಗೆ ಹೆದರಿಕೆಯಾಯಿತು.

“ಕೇಳ್ರಿ ಎಲ್ಲಾರೂ... ಇಂವಾ ನಿಂತಽ ಕೇಳಲಿ. ನಮ್ಮಣ್ಣ ಹೊಳಿಯಪ್ಪ ಪ್ರೆಸ್ಸಿನ್ಯಾಗ ಅಚ್ಚಿನ ಮೊಳಿ, ಅಂದ್ರ ಸೀಸದ ಅಕ್ಷರ, ಜೋಡಸಾಂವ. ಫ್ಲೆಕ್ಸ್ ಬಂದು ಪ್ರೆಸ್ ಮುಚ್ಚಿದ ಮ್ಯಾಲೂ ಹಳೇ ಮಷೀನ ಮನಿಯಾಗ ಇಟಗೊಂಡು, ಊರಾಗ ಒಂದ ಗಿಡಾ ಕಡದ್ರ, ಒಂದ ಕೆರಿ ಮುಚ್ಚಿದ್ರ, ಅದಕ್ಕೊಂದು ಶ್ರದ್ಧಾಂಜಲಿ ಅಚ್ಚ ಹಾಕಿ, ಮೈದಾ ಗಂಜಿ ಬಳದು, ಕಡದವ್ರ ಮನಿ ಗ್ವಾಡಿಗೇ ಹಚ್ಚಿ ಬರ್ತಿದ್ದ. ಬೈಸಿಕೊಂಡ, ಹೊಡಿಸಿಕೊಂಡ, ಬಿಡಲಿಲ್ಲ. ಆದ್ರ ಸತ್ತದ್ದನ್ನ ಕಣ್ಣಾರೆ ನೋಡದಽ ‘ದಿ.’ ಅಂಬೋ ಮೊಳಿ ಮುಟ್ಟತಿದ್ದಿಲ್ಲ. ಜೀವ ಇದ್ದದ್ದಕ್ಕ ‘ದಿ.’ ಹಚ್ಚಿದ್ರ ಅದು ಕೊಲಿ ಅಂತಿದ್ದ.

“ಗಿರಣಿ ವಿರುಪಣ್ಣ ನಮ್ಮ ಓಣಿ ಬಾವಿ ಮುಚ್ಚಸಾಕ ನಿಂತ. ನೀರಿನ ಸೆಲಿ ಸತ್ತೈತೋ ಇಲ್ಲೋ ನೋಡಿ ಬರ್ತೀನಂತ ನಮ್ಮಣ್ಣ ಬಾವಿಗಿಳದ... ಮ್ಯಾಲಿಂದ ಮಣ್ಣ ಬಿತ್ತು. ಹಾಕಿದ ಜೆಸಿಬಿ ಯಾರ ಕೈಯಾಗಿತ್ತು? ಕಟ್ಟಿ ಮ್ಯಾಲೆ ಅವನ ಚಪ್ಪಲಿ ಕಾಣಲಿಲ್ಲೇನು ಯಂಕೇಶಾ? ಸತ್ತವರಿಗೂ ಮಾರಿ ನೋಡಿ ಮಣ್ಣ ಕೊಡ್ತಾರ. ನೀವು ಜೀವಂತ ಇದ್ದಾಂವಗ ಮಾರಿ ನೋಡದಽ ಕೊಟ್ರಿ! ಊರ ಬಿಟ್ಟ ಹೋಗ್ಯಾನಂತ ಸುದ್ದಿ ಹಬ್ಬಿಸಿದ್ರಿ.”

ಯಂಕೇಶನ ಗದರಿಕೆ ಇಳಿದುಹೋಗಿತ್ತು. “ವಿರುಪಣ್ಣ ಹಾಕಂದ... ಹಾಕಿದೆ” ಎಂದ.

“ಆ ವಿರುಪಣ್ಣ ಏನಾದ? ಅವನ ಹೆಸರೂ ಹಿಂಗಽ ಉಲ್ಟಾ ಬಿದ್ದಿತ್ತು, ಗಿರಣಿ ಗ್ವಾಡಿಗೆ. ನಕ್ಕೋಂತ ಅದಕ್ಕಽ ಒರಗಿ ನಿಂತಾಂವ ಹಂಗಽ ಕುಸದ. ಹೆಣದ ಮೈ ತೊಳದವ್ರನ್ನ ಕೇಳ್ರಿ... ಬೆನ್ನ ಮ್ಯಾಲೆ ‘ದಿ. ವಿರುಪಣ್ಣ’, ನೆಟ್ಟಗ, ಶಾಯಿ ಇನ್ನೂ ಹಸಿ! ಮೊಳಿ ಯಾವಾಗ್ಲೂ ಉಲ್ಟಾ ಇರ್ತೈತ್ರಿ. ಕಾಗದದ ಮ್ಯಾಲೆ ಬಿದ್ದಾಗಽ ನೆಟ್ಟಗಾಗೂದು. ಗ್ವಾಡಿ ಮ್ಯಾಲಿಂದು ಪೋಸ್ಟರ್ ಅಲ್ಲೋ ಮೂಳಾ, ಮೊಳಿ. ಕಾಗದ ನೀನು.”

ಯಂಕೇಶ ಕೈಮುಗಿದ. “ನಾಳೆನಽ ಆ ಮಣ್ಣ ತಗೀತೀನವ್ವಾ.”

“ತಗಿ. ಅಣ್ಣ ಒಳಗದಾನಂತ ಅವತ್ತು ನಾ ಕಾಲ ಬಿದ್ದಾಗ ತಗೀಬೇಕಿತ್ತು. ಅಂವಾ ಜೋಡಿಸಿದ ಮೊಳಿ ಅಚ್ಚ ಹಾಕದಽ ಬಿಚ್ಚಿದ್ದು ನಾ ಎಂದೂ ನೋಡಿಲ್ಲ. ಬಸ್ ನಿಲ್ದಾಣದ ಕಡೆ ಹೋಗಂಗಿಲ್ಲ ಅಂತೀಯಾ? ಹೋಗಬ್ಯಾಡ... ಅಂವಗ ಊರ ಗ್ವಾಡಿ ಎಲ್ಲಾ ಗೊತ್ತು. ಎಷ್ಟಂತ ನೆಟ್ಟಗ ನಿಂದರ್ತೀ ತಮ್ಮಾ? ದಣದ ಮನಶ್ಯಾ ಎಲ್ಲೆರ ಒಂದ ಕಡೆ ಬೆನ್ನ ಹಚ್ಚಲೇಬೇಕಲ್ಲ...”