ಚನ್ನವೀರನ ಪ್ರಬಂಧ

೨೦೦೪ರ ಜೂನ್. ಪುಣೆಯ ಲಾ ಕಾಲೇಜೊಂದರ ಕಿಟಕಿಯ ಮುಂದೆ ಸರದಿಯಲ್ಲಿ ನಿಂತಿದ್ದೆ. ನನ್ನ ಮುಂದೆ ಒಬ್ಬ ತಾಯಿ, ರಟ್ಟು ಕಟ್ಟಿಸಿದ ಪ್ರಬಂಧವನ್ನು ಎದೆಗವಚಿಕೊಂಡಿದ್ದರು. ಅವರ ಜೊತೆಗೆ ಬಂದಿದ್ದ ಹುಡುಗಿ ಕಿಟಕಿಯಲ್ಲಿ ಮರಾಠಿಯಲ್ಲಿ ವಿಚಾರಿಸಿ ಅವರತ್ತ ತಿರುಗಿದಳು. ಇಬ್ಬರ ಮಾತೂ ನಮ್ಮ ಕಡೆಯ ಕನ್ನಡ.

"ಏನಂದ್ರು ನೀತಾ?"

"ತಗೊಳ್ಳಂಗಿಲ್ಲಂತ್ರಿ ಕಾಕೂ. ಎಲ್‌ಎಲ್‌ಎಂ ಪ್ರಬಂಧಕ್ಕ ವಿದ್ಯಾರ್ಥಿನ ಬಂದು ಸಹಿ ಮಾಡಬೇಕಂತ."

"ನನ್ನ ಮಗ ತೀರಿಕೊಂಡಾನಂತ ಹೇಳಲಿಲ್ಲೇನ?"

"ಹೇಳಿದ್ನಿರಿ. ಹಂಗಿದ್ರ ಪದವಿ ಸಿಗಂಗಿಲ್ಲ ಅಂದ್ರು."

"ಪದವಿ ಯಾರಿಗ ಬೇಕಾಗ್ಯದ? ಯಾರರ ಒಬ್ಬರು ಓದಲಿ. ಮಂದಿ ಬರದದ್ದನ್ನ ಕದಿಯೋರನ್ನ ಹಿಡಿಯೋ ಕಾಯ್ದೆ ಓದಾಕತ್ತೀನವ್ವ ಅಂತಿದ್ದ ಚನ್ನವೀರ. ನಿನ್ನದನ್ನ ಯಾರ ಕದಿತಾರೋ ಹುಚ್ಚಪ್ಪಾ ಅಂತ ನಗ್ತಿದ್ದೆ."

"ಈಗ ಇದರ ಹಕ್ಕು ನಿಮ್ಮದ್ರಿ ಕಾಕೂ. ಬರದವರು ಹೋದ ಮ್ಯಾಲೂ ಅರವತ್ತ ವರ್ಷ ಮನಿಯವರಿಗಿರ್ತದ."

"ಅರವತ್ತ? ನನ್ನ ಮಗನಿಗೆ ಇಪ್ಪತ್ನಾಲ್ಕ ಸಿಕ್ಕಿದ್ದು."

ತಾಯಿ ಪ್ರಬಂಧವನ್ನು ನೀತಾಳ ಕೈಗಿಟ್ಟರು.

"ಹೋಗ್ಲಿ, ನಡಿ. ಆ ಗಿಡದ ಕೆಳಗ ಕುಂತು ನೀನ ಓದು."

"ಎಲ್ಲಾ ಇಂಗ್ಲಿಷಿನ್ಯಾಗ ಅದರಿ. ನಿಮಗ ತಿಳಿಯಂಗಿಲ್ಲ."

"ಅವ ಹೇಳಿದಾಗರ ನನಗೆಲ್ಲಿ ತಿಳೀತಿತ್ತು? ಸುಮ್ನ ಕೇಳ್ತಾ ಕುಂದರ್ತಿದ್ದೆ."

ಇಬ್ಬರೂ ಸರದಿ ಬಿಟ್ಟು ಮರದತ್ತ ನಡೆದರು.