ಮಣ್ಣು ಹಾಕುವಾಗ ಹೇಳದ ಹೆಸರು

ಕಾಫಿ ಬೇಡ ಅಂದೆನಲ್ಲ ನಿರ್ಮಲಾ... ಸರಿ, ಅಲ್ಲೇ ಇಡು ಬುಡು. ನೀನು ಒಳಗೋಗವ್ವ. ನಿನ್ ಗಂಡನ ಹತ್ರ ನಂದೊಂದೆರಡು ಮಾತೈತೆ, ಅದು ನಿನ್ ಮುಂದೆ ಬೇಡ.

ಎಲ್ಲಿದ್ದೆ? ಹಾಂ, ಬೆಳಕು. ಬೆಳಕು ಅಂದ್ರಿ ಪಾಸ್ಟ್ರೇ. ನಮ್ಮೋರನ್ನ ಗುಣಿಗೆ ಇಳಿಸೋ ಹೊತ್ತಲ್ಲಿ ಬೆಳಕು ಅಂದ್ರಿ, ಸಮಾಧಾನ ಅಂದ್ರಿ, ಪ್ರೀತಿ ಅಂದ್ರಿ, ಈ ಹಿರಿಯ ಜೀವ ನೆಮ್ಮದಿಯಾಗಿ ಮಲಗ್ಲಿ ಅಂದ್ರಿ. ಎಲ್ಲಾ ಅಂದ್ರಿ. ಯೇಸಪ್ಪನ ಹೆಸ್ರು ಅನ್ನಲಿಲ್ಲ. ಕೊನೇಲಿ ಆಮೆನ್ ಅನ್ನೋ ಮುಂಚೆ ಅಭ್ಯಾಸಕ್ಕಾದ್ರೂ ಬಾಯಿಗೆ ಬತ್ತದೆ ಅಂತ ಕಾದೆ ಕಣ್ರೀ. ನಿಮ್ ಬಾಯಿ ನೋಡ್ಕೊಂಡೇ ನಿಂತಿದ್ದೆ. ಬರ್ಲಿಲ್ಲ. ನುಂಗ್ಕೊಂಡ್ರಿ.

ಯಾಕೆ ಹಂಗ್ ನೋಡ್ತೀರಾ? ನಾನು ಹೇಳ್ತಿರೋದು ಸುಳ್ಳಾ?

ಮೇಲೆ ಹಾಲಲ್ಲಿ ಕುರ್ಚಿ ಎಳೀತಿರೋದು ಕೇಳಿಸ್ತಾ? ಸಭೆಯೋರು ಆಗ್ಲೇ ಬತ್ತಾವ್ರೆ. ಇವತ್ತು ಪ್ರಾರ್ಥನೆಗೆ ಸೇರ್ತಿಲ್ಲ, ನಿಮ್ಮನ್ನ ಇಟ್ಕೊಳ್ಳೋದಾ ಕಳಿಸೋದಾ ಅಂತ ತೀರ್ಮಾನ ಮಾಡಕ್ಕೆ ಸೇರ್ತಿರೋದು. ನಿಮ್ಗೂ ಗೊತ್ತು. ಸೇರ್ಸಿರೋಳು ನನ್ ಮಗಳು ನಯನ. "ನಮ್ಮಪ್ಪನ ಗುಣಿ ಮುಂದೆ ನಿಂತು ಆತನ ಹೆಸ್ರು ಹೇಳಕ್ಕೆ ಹೆದ್ರಿದ ಮನುಷ್ಯ ನಮ್ಗೆ ಪಾಸ್ಟರ್ ಆಗಿರೋದು ಬೇಡ" ಅಂತಾವ್ಳೆ. ತುರುವೇಕೆರೆಯಿಂದ ಗಂಡನ್ನೂ ಕರ್ಕೊಂಡೇ ಬಂದವ್ಳೆ. ನಾನು ಬೇಡ ಅನ್ನಲಿಲ್ಲ. ಹೂಂ ಅಂದಿದೀನಿ. ನನ್ ಮಗಳು ಕೇಳೋದ್ರಲ್ಲಿ ಏನ್ ತಪ್ಪು ಐತೆ?

ನಿನ್ನೆ ಫೋನ್ ಮಾಡಿ, ಯಾರು ನಿಮ್ಮನ್ನ ಹೆದರಿಸಿದ್ದು ಅಂತ ಕೇಳಿದ್ಲಂತೆ. ನೀವು ಯಾರೂ ಇಲ್ಲಮ್ಮ, ತಪ್ಪು ನಂದು ಅಂದ್ರಂತೆ. ತಪ್ಪು ನಂದು! ಅಷ್ಟು ಅಂದ್ಬುಟ್ರೆ ಆಗೋಯ್ತಾ?

ನಿಮ್ಗೆ ಮೂಡ್ಲಯ್ಯನ ಕತೆ ಗೊತ್ತು. ಗೊತ್ತಿದ್ರೂ ಹೇಳ್ತೀನಿ, ಕೇಳಿಸ್ಕೊಳ್ಳಿ. ಮರೆತೋಗೈತೆ ನಿಮ್ಗೆ, ಇಲ್ದಿದ್ರೆ ಅವತ್ತು ಹಂಗೆ ನಿಲ್ತಿರ್ಲಿಲ್ಲ. ನಮ್ ಶೆಟ್ಟಿಕೆರೆ ಕಡೆ ತೋಟಗಳಲ್ಲೆಲ್ಲಾ ತೆಂಗಿನಕಾಯಿ ಕೀಳ್ತಿದ್ದೋನು ಅವನೇ. ಅವತ್ತು ಮಳೆ ಬಂದು ಆಗ ತಾನೆ ನಿಂತಿತ್ತು. ಮರ ಜಾರ್ತದೆ ಯಜಮಾನ್ರೇ, ನಾಳೆ ಹತ್ತೀನಿ ಅಂದ. ನಮ್ಮೋರು ಕೇಳಲಿಲ್ಲ. ಬೈದ್ರು. ನಿಂಗೆ ಮೈಗಳ್ಳತನ ಕಣ್ಲಾ ಅಂದ್ರು. ಅವನು ಹಗ್ಗ ಕಟ್ಕೊಂಡು ಹತ್ತಿದ. ಒಂದು ಗೊನೆ ಕೆಡವಿದ, ಇನ್ನೊಂದು ಕೆಡವಿದ. ಆಮೇಲೆ ಸದ್ದಾಯ್ತು. ನಮ್ಮೋರು ಬದುವಿನ ಮೇಲೆ ಕುಂತಿದ್ರು. ಇನ್ನೊಂದು ಗೊನೆ ಬಿತ್ತು ಅಂದ್ಕೊಂಡ್ರಂತೆ. ತಿರುಗಿ ನೋಡ್ಲೇ ಇಲ್ಲವಂತೆ ಸ್ವಲ್ಪ ಹೊತ್ತು.

ಆ ಸ್ವಲ್ಪ ಹೊತ್ತೇ ಅವರನ್ನ ತಿಂದಿದ್ದು, ಗೊತ್ತಾ? ಬೈದಿದ್ದಕ್ಕಿಂತ ಜಾಸ್ತಿ ಅದು.

ಅವನ ಹೆಂಡ್ತಿಗೆ ಮನೆ ಕಟ್ಟಿಸ್ಕೊಟ್ರು. ಮಕ್ಕಳನ್ನ ಓದಿಸಿದ್ರು. ಊರೆಲ್ಲಾ ಕರಿಯಪ್ಪ ಧರ್ಮಾತ್ಮ ಅಂತು. ಯಾರಾದ್ರೂ ಹಂಗಂದ ದಿನ ಇವರು ಊಟಕ್ಕೇಳ್ತಿರ್ಲಿಲ್ಲ. ಹೋಗದೇ ಇರೋ ಜಾಗ ಇಲ್ಲ, ಕೇಳದೇ ಇರೋ ದೊಡ್ಡೋರಿಲ್ಲ. ಎಲ್ಲಾರೂ ಒಳ್ಳೇ ಮಾತೇ ಹೇಳಿದ್ರು, ನಾನು ಇಲ್ಲ ಅನ್ನಲ್ಲ. ಒಳ್ಳೇದು ಮಾಡಪ್ಪ, ಮನಸ್ಸು ಹಗುರಾಗ್ತದೆ ಅಂದ್ರು. ಇವರು ಮನೆಗೆ ಬಂದು ಗೋಡೆಗೆ ಒರಗಿ, ಮಾಡಿದೀನಲ್ಲೇ ಅಂಕಮ್ಮ, ಮೂಡ್ಲಯ್ಯ ಎದ್ದು ಬಂದ್ನಾ ಅನ್ನೋರು.

ಆಮೇಲೆ ನೀವು ಬಂದ್ರಿ. ಆಗಿನ್ನೂ ಹುಡುಗ್ರು ನೀವು, ಹಳೇ ಸ್ಕೂಟ್ರಲ್ಲಿ ಬರ್ತಿದ್ರಿ. ನಮ್ಮೋರು ಅಟ್ಟದಿಂದ ಕಾಯಿ ಇಳಿಸ್ಕೊಂಡು ಒಂದೊಂದೇ ಕಿವಿ ಹತ್ರ ಅಲ್ಲಾಡಿಸ್ತಿದ್ರು, ಒಳಗೆ ಕೊಬ್ರಿ ಒಣಗಿ ಚಿಪ್ಪು ಬಿಟ್ಟೈತಾ ಅಂತ. ನೀವು ಒಳ್ಳೇದು ಮಾಡಿ ಅನ್ನಲಿಲ್ಲ. ಎಷ್ಟು ಮಾಡಿದ್ರೂ ಇದು ನಿಮ್ ಕೈಲಿ ತೀರೋದಲ್ಲ ಯಜಮಾನ್ರೇ ಅಂದ್ರಿ. ಇದೇನಪ್ಪ ಇವನು ಹಿಂಗಂತಾನೆ ಅಂದ್ಕೊಂಡೆ. ಆಮೇಲೆ ಅಂದ್ರಿ, ನಿಮ್ ಬದಲು ಹೊತ್ಕೊಂಡೋರು ಒಬ್ರು ಅವ್ರೆ ಅಂತ.

ನಮ್ಮೋರು ಕೈಲಿದ್ದ ಕಾಯಿ ಕೆಳಗಿಟ್ರು. ಯಾರು ಅಂದ್ರು.

ನೋಡಿ, ಹೆಂಗೆ ಅಂತ ಕೇಳಲಿಲ್ಲ. ಏನು ಮಾಡ್ಬೇಕು ಅಂತ ಕೇಳಲಿಲ್ಲ. ಯಾರು ಅಂತ ಕೇಳಿದ್ರು. ನೀವು ಹೆಸ್ರು ಹೇಳಿದ್ರಿ. ಆಳುಗಳಿದ್ರು, ನನ್ ಮೈದ ರಂಗನಾಥ ಅಲ್ಲೇ ನಿಂತಿದ್ದ, ಎಲ್ಲಾರ ಮುಂದೆನೇ ಹೇಳಿದ್ರಿ. ಅವತ್ತು ಹೆದರಿಕೆ ಇರ್ಲಿಲ್ವಾ ಪಾಸ್ಟ್ರೇ? ಅವತ್ತಿನ ಬಾಯಿ ಎಲ್ಲೋಯ್ತು?

ನೀತಿ ಕೇಳಕ್ಕೆ ನಾವು ನಿಮ್ ಹತ್ರ ಬರ್ಬೇಕಾಗಿತ್ತಾ? ನಮ್ಮವ್ವ ಹೇಳಿಕೊಟ್ಟಿದ್ಲು. ಭಜನೆ ಬೇಕಾಗಿದ್ರೆ ನಮ್ಮೂರಲ್ಲೇ ಇತ್ತು, ನಿಮ್ಮ ಕೀಬೋರ್ಡಿಗಿಂತ ಸಾವಿರ ಪಾಲು ಚೆನ್ನಾಗಿ ಹಾಡ್ತಾರೆ. ನಗ್ತೀರಾ? ನಗಿ, ನಿಜಾನೇ ತಾನೆ. ನೀವು ಶ್ರುತಿ ಬಿಟ್ರೆ ಹಿಡಿಯೋರೇ ಇಲ್ಲ. ನಾವು ಅಣ್ತಮ್ಮಂದಿರ ಮನೆ ಬಾಗ್ಲು ಬಿಟ್ಟು, ಹಬ್ಬಕ್ಕೆ ಕರಿಯೋರಿಲ್ದೆ ಆಗಿ ಬಂದಿದ್ದು ಆ ಒಬ್ಬ ಆಯಪ್ಪಂಗೋಸ್ಕರ. ಆತನ್ನ ತೆಗೆದುಬುಟ್ರೆ ನಮ್ಮ ಹತ್ರ ಏನ್ ಉಳೀತದೆ? ಭಾನುವಾರ ಉಳೀತದೆ. ಬಿಳಿ ಸೀರೆ ಉಳೀತದೆ. ನಿಮ್ಮ ಅವತ್ತಿನ ಪ್ರಾರ್ಥನೆ ಹಂಗೇ ಇತ್ತು. ಮೇಲೆ ನಾರಿನ ಮಟ್ಟೆ ಇತ್ತು, ಚಿಪ್ಪು ಇತ್ತು, ಒಡೆದು ನೋಡಿದ್ರೆ ಒಳಗೆ ಕೊಬ್ರಿ ಇಲ್ಲ. ವರ್ಷವೆಲ್ಲಾ ಅಟ್ಟದಲ್ಲಿ ಕಾಪಾಡಿದ ಕಾಯಿ ಹಂಗಾದ್ರೆ ಹೊಟ್ಟೆ ಉರಿಯಲ್ವಾ?

ಅವರು ಹೋಗೋ ದಿನ ಬೆಳಿಗ್ಗೆ... ಇದು ನಯನಂಗೂ ಪೂರ್ತಿ ಗೊತ್ತಿಲ್ಲ. ಗಂಜಿ ಕುಡಿಸ್ತಿದ್ದೆ. ಸಾಕು ಅಂತ ಕೈ ಅಡ್ಡ ಮಾಡಿದ್ರು. "ನಮ್ಮವ್ವನ ಪಕ್ಕ ತೋಟದಲ್ಲೇ ಹಾಕ್ಸು. ಮಣ್ಣು ಹಾಕುವಾಗ ನನ್ ಹೆಸ್ರು ಹೇಳದಿದ್ರೂ ಪರವಾಗಿಲ್ಲ, ಆತನ ಹೆಸ್ರು ಹೇಳ್ಸು" ಅಂದ್ರು. ಯಾಕ್ರೀ ಹಿಂಗಂತೀರಾ ಅಂದೆ. "ಅಲ್ಲಿ ಮೂಡ್ಲಯ್ಯ ಇರ್ತಾನಲ್ಲೇ. ಅವನ ಎದ್ರಿಗೆ ಹೋಗ್ಬೇಕು ನಾನು. ಒಬ್ನೇ ಹೋಗಕ್ಕಾಗಲ್ಲ" ಅಂದ್ರು.

ಒಬ್ನೇ ಹೋಗಕ್ಕಾಗಲ್ಲ ಅಂದ್ರು ಪಾಸ್ಟ್ರೇ. ನೀವು ಒಬ್ರನ್ನೇ ಕಳಿಸಿಬುಟ್ರಿ.

ತಲೆ ಬಗ್ಗಿಸ್ಬೇಡಿ. ನನ್ನ ನೋಡಿ. ನಂಬಿದ್ವಿ ಕಣ್ರೀ ನಿಮ್ಮನ್ನ. ನಮ್ ಮನೆ ಮಗನ ಥರ ನಂಬಿದ್ವಿ. ನಿಮ್ ಮದುವೇಲಿ ನಮ್ಮೋರು ನಿಮ್ಮಪ್ಪನ ಜಾಗದಲ್ಲಿ ನಿಂತಿದ್ರು, ಮರೆತ್ರಾ? ಅಂಥ ಮನುಷ್ಯನ್ನ ಬೆಳಕು ಗಿಳಕು ಅಂತ ಹೇಳಿ ಮಣ್ಣು ಮುಚ್ಚಿ ಬಂದ್ರಲ್ಲ.

ರಂಗನಾಥ ತಾನೆ ನಿಮ್ಗೆ ಹೇಳಿದ್ದು? ನಂಗೊತ್ತು. ತೋಟ ಅವನದ್ದೂ ಹೌದಲ್ಲ, ಇನ್ನೂ ಪಾಲಾಗಿಲ್ಲ. ಅವನೇ ನಿಮ್ ಹತ್ರ ಬಂದು, ಆ ಹೆಸ್ರು ಇಲ್ಲಿ ಎತ್ತಬೇಡಿ, ಎತ್ತಿದ್ರೆ ಹೆಣ ಇಳಿಸಕ್ಕೆ ಬುಡಲ್ಲ ಅಂದಿರ್ತಾನೆ. ನಯನಂಗೂ ಹಂಗೇ ಹೇಳಿದೀನಿ ನಾನು. ನಿಮ್ ಚಿಕ್ಕಪ್ಪ ಹೆದರಿಸಿರ್ಬೇಕು, ಈ ಪಾಸ್ಟ್ರು ಹೆದ್ರಿರ್ಬೇಕು ಅಂತ.

ಹೂಂ ಅನ್ನಿ.

ಅಷ್ಟು ಅನ್ನಕ್ಕೇನು ನಿಮ್ಗೆ? ರಂಗನಾಥ ಅಂತ ಒಂದು ಮಾತು ಹೇಳಿ. ನಿಮ್ ಮೇಲಿರೋದು ಅರ್ಧ ಇಳೀತದೆ. ಮೇಲಕ್ಕೋಗಿ ನಾನೇ ಹೇಳ್ತೀನಿ, ಪಾಪ ಅವರದ್ದೂ ಪೂರ್ತಿ ತಪ್ಪಲ್ಲ ಅಂತ.

ಯಾಕೆ ಸುಮ್ನಿದೀರಾ?

ಇಲ್ಲ ಅಂತಾನಾದ್ರೂ ಅನ್ನಿ. ರಂಗನಾಥ ನನ್ನ ಹತ್ರ ಬರ್ಲೇ ಇಲ್ಲ ಅಂತ ಅನ್ನಿ. ಅವನು ಅವತ್ತು ಬೆಳಿಗ್ಗೆಯಿಂದ ಗುಣಿ ತೋಡಿಸ್ತಾ ನಿಂತಿದ್ದ, ನನ್ ಮುಖಾನೂ ನೋಡ್ಲಿಲ್ಲ ಅಂತ ಅನ್ನಿ... ಹಂಗೆ ನೋಡ್ಬೇಡಿ ನನ್ನ. ಬೈಯ್ರಿ ಬೇಕಾದ್ರೆ. ಈ ಒಂದು ತಿಂಗ್ಳು ಸಭೆಯೆಲ್ಲಾ ನಿಮ್ಮನ್ನ ಬೈದೈತೆ, ನಾಯಿಗೆ ಬೈದಂಗೆ ಬೈದೈತೆ, ನೀವು ಒಂದು ಮಾತಾಡ್ಲಿಲ್ಲ. ಒಂದೇ ಮಾತು ಸಾಕಾಗಿತ್ತು. ನಯನಂಗೆ ಫೋನಲ್ಲೇ ಹೇಳ್ಬೋದಾಗಿತ್ತು. ನಿಮ್ಮಮ್ಮನ್ನ ಕೇಳಮ್ಮ ಅಂತ.

ಯಾಕೆ ಹೇಳ್ಲಿಲ್ಲ?

ಅವತ್ತು ತೋಟದಲ್ಲಿ ಮಟ್ಟೆ ಗುಡ್ಡೆ ಹಿಂದೆ ಕರ್ಕೊಂಡೋಗಿ ನಿಮ್ ಕೈ ಹಿಡ್ಕೊಂಡಿದ್ದು ನಾನು. ಸೆರಗು ಒಡ್ಡಿದ್ದು ನಾನು. ಪಾಸ್ಟ್ರೇ, ಇದೊಂದ್ಸಲ ಆ ಹೆಸ್ರು ಬೇಡ, ಬೇರೆ ಏನಾದ್ರೂ ಹೇಳಿ ಮುಗಿಸಿ ಅಂದಿದ್ದು ನಾನು. ರಂಗನಾಥ ನನ್ ಹತ್ರ ಬಂದು ಅತ್ತಿಗೆ, ನಮ್ಮವ್ವ ಮಲಗಿರೋ ಜಾಗ, ಊರೋರು ಸೇರವ್ರೆ, ಸ್ವಲ್ಪ ನೋಡ್ಕೊಳ್ಳಿ ಅಂದ. ಅಷ್ಟೇ ಅಂದಿದ್ದು. ಹೆಣ ಇಳಿಸಲ್ಲ ಅಂತ ಅವನು ಅನ್ನಲೇ ಇಲ್ಲ. ಅದು ನಾನು ನಿಮ್ಗೆ ಸೇರಿಸಿ ಹೇಳಿದ್ದು.

ನನ್ ತವರಿನೋರು ಬಂದಿದ್ರು. ಹಂದನಕೆರೆಯಿಂದ ನಮ್ಮಣ್ಣ ಬಂದಿದ್ದ, ಇಷ್ಟು ವರ್ಷ ಆದ್ಮೇಲೆ. ಅಣ್ಣನ ಹೆಂಡ್ತಿ ನನ್ ತಲೆ ಸವರಿದ್ಲು. ಅವರ ಮುಂದೆ ಆ ಹೆಸ್ರು ಕೇಳಿಸಿದ್ರೆ ಮತ್ತೆ ಎದ್ದೋಗ್ತಾರೇನೋ ಅನ್ನಿಸ್ತು. ಜಾಗಕ್ಕೋಸ್ಕರ ಅಲ್ಲ ಪಾಸ್ಟ್ರೇ. ನಾಚಿಕೆ ಆಯ್ತು ನಂಗೆ. ಅಷ್ಟು ವರ್ಷ ನಮ್ಮನ್ನ ಹೊತ್ತ ಹೆಸ್ರು ಹೇಳಕ್ಕೆ ಅವತ್ತು ನಂಗೆ ನಾಚಿಕೆ ಆಯ್ತು.

ಆದ್ರೂ ನೀವು ನನ್ ಮಾತು ಕೇಳಬಾರದಾಗಿತ್ತು. ಅದು ನನ್ ಸಿಟ್ಟು. ನಾನು ಬೇಡ ಅಂದ್ರೂ ನೀವು ಹೇಳ್ತೀರಾ ಅಂತ ಒಳಗೊಳಗೇ ನೆಚ್ಕೊಂಡಿದ್ದೆ. ಮುದುಕಿ ಅತ್ಲು ಅಂತ ಬುಟ್ಕೊಟ್ರಲ್ಲ...

ಒಂದು ಕೇಳ್ತೀನಿ. ಹಿಡಿ ಮಣ್ಣು ಹಾಕುವಾಗ ನೀವು ತುಂಬಾ ಹೊತ್ತು ಬಗ್ಗಿದ್ರಿ. ತುಟಿ ಅಲ್ಲಾಡಿದಂಗೆ ಕಾಣ್ತು ನಂಗೆ. ಒಂದು ತಿಂಗಳಿಂದ ಅದೊಂದನ್ನೇ ಹಿಡ್ಕೊಂಡಿದೀನಿ. ಮನಸಲ್ಲಾದ್ರೂ, ಮೆಲ್ಲಗಾದ್ರೂ... ಹೇಳಿದ್ರಾ?

ಇಲ್ವಾ.

ತಲೆ ಅಲ್ಲಾಡಿಸ್ತೀರಲ್ಲ. ಹೂಂ ಅಂದಿದ್ರೆ ನಾನು ನಂಬ್ತಿದ್ದೆ. ನಿಮ್ಗೂ ಅದು ಗೊತ್ತು. ಒಂದು ಸುಳ್ಳಿಗೆ ನಾನು ಎದ್ದು ನೆಮ್ಮದಿಯಾಗಿ ಹೋಗ್ತಿದ್ದೆ. ಆಯ್ತು. ತಪ್ಪು ನಂದು ಅಂತ ನಯನಂಗೆ ನೀವಂದಿದ್ದು ಬರೀ ಬಾಯಿ ಮಾತಲ್ಲ, ಹಂಗಾದ್ರೆ. ನಿಮ್ದನ್ನ ನೀವು ಹೇಳ್ಕೊಂಡ್ರಿ, ನಂದನ್ನ ಮಾತ್ರ ಮುಚ್ಚಿಟ್ರಿ. ನಂದೂ ಹೊತ್ಕೊಂಡು ತಿರುಗ್ತಾ ಅವ್ರೆ ಈ ಮನುಷ್ಯ, ನಾನು ಇಲ್ಲಿಗೆ ಬಂದು ಇವರನ್ನೇ ಬೈತಾ ಕುಂತಿದೀನಿ.

ಬದಲು ಹೊತ್ಕೊಳ್ಳೋದು ಅಂತ ನೀವು ವರ್ಷಗಟ್ಟಲೆ ಹೇಳಿದ್ರಿ ಪಾಸ್ಟ್ರೇ. ನಮ್ಮೋರಿಗೆ ಒಂದೇ ದಿನಕ್ಕೆ ಅರ್ಥ ಆಗಿತ್ತು. ಅವರ ಹತ್ರ ಮೂಡ್ಲಯ್ಯ ಇದ್ದ. ನನ್ ಹತ್ರ ಹೊರಿಸೋ ಅಂಥದ್ದೇನೂ ಇರ್ಲಿಲ್ಲ, ನಾನು ಒಳ್ಳೇ ಹೆಂಗಸು, ಗಂಡ ಬಂದ ಅಂತ ಹಿಂದಿಂದೆ ಬಂದೋಳು. ಈಗ ಐತೆ ನನ್ ಹತ್ರಾನೂ. ಈಗ ನಂಗೂ ಆತ ಬೇಕು.

ನಿಮ್ಗೂ ಬೇಕು ಬುಡಿ. ಅಳಬೇಡಿ. ಗಂಡಸು ಅತ್ರೆ ನಂಗೆ ನೋಡಕ್ಕಾಗಲ್ಲ.

ಎಲ್ಲಿ, ಆ ಕಾಫಿ ಇತ್ಲಾಗ್ ಕೊಡಿ. ಆರಿದ್ರೆ ಆರ್ಲಿ, ಬಾಯಿ ಒಣಗೈತೆ.

ಅದು ನಯನನ ದನಿ. ಹುಡುಕ್ತಾವ್ಳೆ ನನ್ನ. ಬಂದೆ ಕಣೇ, ಪಾಸ್ಟ್ರ ಹತ್ರ ಇದೀನಿ, ಕುಂತ್ಕೊಳ್ಳಿ ಎಲ್ಲಾರೂ, ಬಂದೆ... ನೀವು ಬಾಯಿ ಬಿಡ್ಬೇಡಿ ಅಲ್ಲಿ. ಇಷ್ಟು ದಿನ ಸುಮ್ನಿದ್ರಿ, ಇನ್ನರ್ಧ ಗಂಟೆ ಸುಮ್ನಿರಿ. ಇವತ್ತು ಅಲ್ಲಿ ನಾನು ಹೇಳ್ತೀನಿ. ಆಮೇಲೆ ತೋಟಕ್ಕೆ ಹೋಗಾನ, ನಿರ್ಮಲಾನೂ ಬರ್ಲಿ. ರಂಗನಾಥ ಇದ್ರೆ ಇರ್ಲಿ. ನಮ್ಮಣ್ಣಂಗೂ ಫೋನ್ ಮಾಡ್ತೀನಿ. ಆತನ ಹೆಸ್ರು ಅಲ್ಲೂ ನಾನೇ ಹೇಳ್ತೀನಿ.

ಅಲ್ಲೇ ಯಾಕೆ ಕುಂತ್ರಿ, ಏಳ್ರೀ. ಒಸಿ ಕೈ ಕೊಡಿ, ಮೆಟ್ಲು ಹತ್ಬೇಕು. ನನ್ ಮಗಳ ಎದ್ರಿಗೆ ಹೋಗ್ಬೇಕು ನಾನು. ಒಬ್ಳೇ ಹೋಗಕ್ಕಾಗಲ್ಲ.